ಕೋಚ್ ಕುರ್ಚಿಗೆ ಹೋಗೋ ದಾರಿ

ನಮ್ಮ ಸಿದ್ದಾಪುರ ಸೀಮೆ ಭತ್ತದ ನಾಡು. ಕಬಡ್ಡಿಗೂ ಇಲ್ಲಿ ಬರ ಇಲ್ಲ. ಆದ್ರೆ ಕಬಡ್ಡಿ ಅಂದಕೂಡಲೇ ಎಲ್ಲರ ಕಣ್ಣು ರೇಡರ್ ಮೇಲೆ. ಅಂಕಣದ ಹೊರಗೆ ಕೂತು ಕೂಗಾಡೋ ಕೋಚ್‌ನ ಕೆಲಸ ಏನು, ಆ ಕುರ್ಚಿಗೆ ಯಾವ ದಾರಿಯಿಂದ ಹೋಗ್ತಾರೆ, ಅಲ್ಲಿ ಎಷ್ಟು ದಿನ ಉಳೀತಾರೆ ಅಂತ ಕೇಳುವವರು ಕಡಿಮೆ. ಆಡೋದು ಬಿಟ್ಟ ಮೇಲೂ ಆಟದಲ್ಲೇ ಇರಬೇಕು ಅನ್ನೋ ಗೆಳೆಯರು ನಮ್ಮ ಹಾಸ್ಟೆಲಿನಲ್ಲೇ ಇದ್ದಾರಲ್ಲ, ಅವರಿಗಾಗಿ ಈ ಲೇಖನ.

ಮೊದಲು ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ಅವರನ್ನು ನೋಡೋಣ. ಆಟಗಾರರಾಗಿ 2001ನೇ ಸಾಲಿನ ಅರ್ಜುನ ಪ್ರಶಸ್ತಿ, 2002ರ ಬುಸಾನ್ ಏಷ್ಯನ್ ಕ್ರೀಡಾಕೂಟದ ಚಿನ್ನ. ಇಷ್ಟಿದ್ದವರು ಯಾವಾಗಲೂ ಮುಖ್ಯ ಕೋಚ್ ಆಗಿಯೇ ಇರ್ತಾರೆ ಅನ್ನಿಸುತ್ತೆ. ಆದ್ರೆ ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿಯ ಆರನೇ ಸೀಸನ್ ಗೆದ್ದಾಗ ಮುಖ್ಯ ಕೋಚ್ ರಣಧೀರ್ ಸಿಂಗ್; ರಮೇಶ್ ಅದೇ ತರಬೇತಿ ಬಳಗದಲ್ಲಿದ್ದರು. ಮುಂದಿನ ಸೀಸನ್‌ಗೆ ಬೆಂಗಾಲ್ ವಾರಿಯರ್ಸ್ ಮುಖ್ಯ ಕೋಚ್ ಆದರು. 2019ರ ಅಕ್ಟೋಬರ್‌ನಲ್ಲಿ ಅಹಮದಾಬಾದ್ ಫೈನಲ್‌ನಲ್ಲಿ ದಬಾಂಗ್ ದೆಹಲಿಯನ್ನು 39-34ರಿಂದ ಸೋಲಿಸಿ ಕಪ್ ಎತ್ತಿದರು.

ಕಥೆ ಅಲ್ಲಿಗೇ ನಿಂತಿದ್ರೆ ಚೆಂದ ಇರ್ತಿತ್ತು. ಎಂಟನೇ ಸೀಸನ್‌ನಲ್ಲಿ ಅದೇ ಬೆಂಗಾಲ್ ಪ್ಲೇಆಫ್‌ಗೂ ಬರಲಿಲ್ಲ. ರಮೇಶ್ ಪುಣೇರಿ ಪಲ್ಟನ್‌ಗೆ ಹೋದರು. 2022ರಲ್ಲಿ ಫೈನಲ್ ಸೋತು, 2024ರ ಮಾರ್ಚ್ 1ರಂದು ಹರಿಯಾಣ ಸ್ಟೀಲರ್ಸ್ ವಿರುದ್ಧ 28-25ರಿಂದ ಗೆದ್ದರು. ಮರು ಸೀಸನ್‌ಗೆ ಚಾಂಪಿಯನ್ ಪುಣೆ ಕೂಡ ಪ್ಲೇಆಫ್ ತಪ್ಪಿಸಿಕೊಂಡಿತು! 2025ಕ್ಕೆ ರಮೇಶ್ ಬೆಂಗಳೂರು ಬುಲ್ಸ್‌ಗೆ ವಾಪಸ್. ಪುಣೆಯಲ್ಲಿ ಸಹಾಯಕ ಕೋಚ್ ಆಗಿದ್ದ ಅಜಯ್ ಠಾಕೂರ್ ಮುಖ್ಯ ಕೋಚ್. ಈ ಲೀಗ್‌ನಲ್ಲಿ ಇರೋದೇ 12 ತಂಡ, 12 ಕುರ್ಚಿ. ಪಿ.ಟಿ. ಮಾಸ್ತರ ನೌಕರಿಗೆ ಇರೋ ಭದ್ರತೆ ಇದಕ್ಕಿಲ್ಲ. ಮನೆಯವರು ಬೇಡ ಅಂದ್ರೆ ಅವರ ಮಾತಲ್ಲೂ ಅರ್ಥ ಇದೆ.

ಈಗ ಅಮೆರಿಕದ ಕಡೆ ಒಂದು ಹೆಜ್ಜೆ. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್.ಎಫ್.ಎಲ್.ನಲ್ಲಿ 32 ತಂಡ. ಅಲ್ಲಿ ಕೋಚ್ ವೃತ್ತಿಗೆ ಮೆಟ್ಟಿಲುಗಳೇ ಇವೆ. ಕೆಳಗಿನ ಮೆಟ್ಟಿಲಲ್ಲಿ ಎದುರಾಳಿಯ ವಿಡಿಯೋ ಕತ್ತರಿಸಿ ಪಟ್ಟಿ ಮಾಡೋ ಹುಡುಗರು. ಆಮೇಲೆ ಒಂದೊಂದು ಸ್ಥಾನದ ಆಟಗಾರರನ್ನು ತಿದ್ದುವ ಕೋಚ್, ಅದರ ಮೇಲೆ ಇಡೀ ದಾಳಿ ಅಥವಾ ಇಡೀ ರಕ್ಷಣೆಯ ಉಸ್ತುವಾರಿ ಹೊರುವ ಕೋಆರ್ಡಿನೇಟರ್, ತುದಿಯಲ್ಲಿ ಮುಖ್ಯ ಕೋಚ್.

ಈ ಮೆಟ್ಟಿಲು ಹತ್ತಿದವರಲ್ಲಿ ನಮಗೆ ಹತ್ತಿರದವರು ಮ್ಯಾಟ್ ಪಟ್ರೀಷಿಯಾ. ಯಾಕಂದ್ರೆ ಅವರು ಏರೋನಾಟಿಕಲ್ ಇಂಜಿನಿಯರ್! ನ್ಯೂಯಾರ್ಕ್ ರಾಜ್ಯದ ರೆನ್ಸೆಲೀರ್ ಪಾಲಿಟೆಕ್ನಿಕ್‌ನಲ್ಲಿ ಓದಿದರು, ಕಾಲೇಜು ತಂಡದಲ್ಲಿ ಆಡಿದರು. ಎನ್.ಎಫ್.ಎಲ್.ನಲ್ಲಿ ಒಂದು ಪಂದ್ಯವನ್ನೂ ಆಡಿಲ್ಲ. ಸುಮಾರು ಎರಡು ವರ್ಷ ಇಂಜಿನಿಯರ್ ಕೆಲಸ ಮಾಡಿ, ಅದನ್ನು ಬಿಟ್ಟು ಸಣ್ಣ ಕಾಲೇಜಿನ ಕೋಚ್ ಆದರು. 2004ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಸಹಾಯಕರಾಗಿ ಸೇರಿ, 2012ಕ್ಕೆ ರಕ್ಷಣಾ ಕೋಆರ್ಡಿನೇಟರ್, 2018ಕ್ಕೆ ಡೆಟ್ರಾಯಿಟ್ ಲಯನ್ಸ್ ಮುಖ್ಯ ಕೋಚ್. 14 ವರ್ಷ ಹತ್ತಿದ ಮೆಟ್ಟಿಲು! ಮೂರು ವರ್ಷದೊಳಗೆ, 2020ರ ನವೆಂಬರ್‌ನಲ್ಲಿ ಸೀಸನ್ ಮುಗಿಯೋ ಮೊದಲೇ ಕೆಲಸ ಹೋಯ್ತು. ಮತ್ತೆ ಸಹಾಯಕರಾದರು, ಮತ್ತೆ ಕೋಆರ್ಡಿನೇಟರ್ ಆದರು.

ರಮೇಶ್ ಚಿನ್ನ ಗೆದ್ದ ಆಟಗಾರ, ಪಟ್ರೀಷಿಯಾ ಕಾಲೇಜು ತಂಡದಾಚೆ ಹೋಗದವರು. ಇಬ್ಬರೂ ಇನ್ನೊಬ್ಬ ಕೋಚ್ ಕೈಕೆಳಗೂ ಕೆಲಸ ಮಾಡಿದವರು. ಆಡೋದು ಒಂದು ವಿದ್ಯೆ, ಆಡಿಸೋದು ಇನ್ನೊಂದು ಅನ್ನೋದಕ್ಕೆ ನನಗೆ ಬೇರೆ ಸಾಕ್ಷಿ ಬೇಡ. ಆದ್ರೆ ನಮ್ಮಲ್ಲಿ ಹೆಸರು ಮಾಡದ ಆಟಗಾರನಿಗೆ ಬಾಗಿಲು ಅಷ್ಟು ಸುಲಭಕ್ಕೆ ತೆರೆಯಲ್ಲ. ಅಂಥವರಿಗೆ ಪಟಿಯಾಲಾದಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಇದೆ. ಅಲ್ಲಿನ ಡಿಪ್ಲೊಮಾಕ್ಕೆ ಬೆಲೆ ಇದೆ, ಆರು ವಾರದ ಸರ್ಟಿಫಿಕೇಟ್ ಕೋರ್ಸೂ ನಡೆಯುತ್ತೆ.

ಅದಕ್ಕೂ ಮುಂಚೆ ರೂಮಿನಲ್ಲೇ ಕೂತು ಮಾಡಬಹುದಾದ ಒಂದು ಅಭ್ಯಾಸ ಹೇಳ್ತೀನಿ. ಯಾವುದಾದ್ರೂ ಒಂದು ಪೂರ್ತಿ ಕಬಡ್ಡಿ ಪಂದ್ಯದ ವಿಡಿಯೋ ತಗೊಳ್ಳಿ. ಆಟ 40 ನಿಮಿಷ, ಒಂದು ರೇಡ್‌ಗೆ ಹೆಚ್ಚೆಂದರೆ 30 ಸೆಕೆಂಡ್. ಅಂದ್ರೆ ನೋಟ್‌ಬುಕ್ಕಿನಲ್ಲಿ ಹತ್ತಿರ ಹತ್ತಿರ 80 ಸಾಲು. ರೇಡರ್ ಎಡಕ್ಕೆ ಹೋದನೋ ಬಲಕ್ಕೋ, ಅಂಕಣದಲ್ಲಿ ಎಷ್ಟು ಡಿಫೆಂಡರ್ ಇದ್ದರು, ಡು ಆರ್ ಡೈ ರೇಡೋ ಅಲ್ಲವೋ, ಮೊದಲು ಕೈ ಹಾಕಿದ್ದು ಯಾರು ಅಂತ ಒಂದೊಂದು ಸಾಲಿನಲ್ಲೂ ಬರೀರಿ. ಆಮೇಲೆ ಅದೇ ರೇಡರ್‌ನ ಮುಂದಿನ ಪಂದ್ಯ ಹಾಕಿ, ಅವನು ಯಾವ ಕಡೆ ನುಗ್ಗುತ್ತಾನೆ ಅಂತ ಮೊದಲೇ ಬರೆದಿಟ್ಟು ನೋಡ್ರಿ.