ಎದೆಯ ಹೊರಗಿನ ಕ್ಷಯರೋಗ
ಓದತಕ್ಕ ಭಾಗ: ಲೂಕ 13:10–17

ಹದಿನೆಂಟು ವರುಷ ನಡುಬಾಗಿದ್ದ ಸ್ತ್ರೀಯನ್ನು ಕರ್ತನು ಸಬ್ಬತ್ ದಿನದಲ್ಲಿ ನೆಟ್ಟಗೆ ನಿಲ್ಲಿಸಿದನೆಂದು ಈ ಭಾಗದಲ್ಲಿ ಓದುತ್ತೇವೆ. ಆಕೆಯ ಬಾಧೆಯು ಕ್ಷಯವೆಂದು ನಾವು ಹೇಳುವದಿಲ್ಲ. ಆದರೆ ಬೆನ್ನನ್ನು ಬಾಗಿಸುವ ಕ್ಷಯವೂ ಉಂಟೆಂಬದನ್ನು ನಮ್ಮ ಸಭೆಗಳವರು ತಿಳಿಯುವದು ಅವಶ್ಯ.

1. ರೋಗದ ಲಕ್ಷಣ. ಕೋಖ್ ಎಂಬ ವೈದ್ಯನು 1882ರಲ್ಲಿ ಪ್ರಕಟಪಡಿಸಿದ ಕ್ಷಯದ ಕ್ರಿಮಿಯು ಉಸಿರಿನೊಡನೆ ಎದೆಯನ್ನು ಸೇರಿ, ರಕ್ತದ ಮೂಲಕ ಇತರ ಅಂಗಗಳಿಗೂ ಹೋಗಬಲ್ಲದು. ಕುತ್ತಿಗೆಯಲ್ಲಿ ನೆಲಸಿದರೆ ಅದೇ ಗಂಡಮಾಲೆ. ಗಂಟುಗಳು ಮೊದಲು ನೋಯದೆ ಊದಿ, ಕಡೆಗೆ ಒಡೆದು ಕೀವು ಸುರಿಸಬಹುದು. ಬೆನ್ನೆಲುಬಿನಲ್ಲಾದರೆ ಬಿಡದ ನೋವು, ಗೂನು, ಕಾಲುಗಳ ಬಲಹೀನತೆ. ಮಿದುಳಿನ ಪೊರೆಯಲ್ಲಾದರೆ ಜ್ವರ, ತಲೆನೋವು, ವಾಂತಿ, ಮಂಪರು. ಇಲ್ಲಿ ತಡವು ಪ್ರಾಣಾಪಾಯ. ಗರ್ಭಕೋಶದ ಕ್ಷಯದಿಂದ ಸಂತಾನವು ತಪ್ಪುವದುಂಟು; ಬಂಜೆಯೆಂದು ನಿಂದಿಸಲ್ಪಡುವವರಲ್ಲಿ ಕೆಲವರ ದುಃಖಕ್ಕೆ ಇದೇ ಕಾರಣ. ಈ ರೋಗಿಗಳಲ್ಲಿ ಅನೇಕರಿಗೆ ಕೆಮ್ಮೇ ಇರದು; ಕಫದ ಪರೀಕ್ಷೆ ಮಾತ್ರದಿಂದ ರೋಗವಿಲ್ಲವೆಂದು ನಿಶ್ಚಯಿಸಲಾಗದು.

2. ಅಂಟುವದೋ? ಎದೆಯಲ್ಲಿ ರೋಗವಿಲ್ಲದವರಿಂದ ಸಾಮಾನ್ಯವಾಗಿ ಇತರರಿಗೆ ಅಂಟುವದಿಲ್ಲ. ಹೀಗಿರಲಾಗಿ ಅವರನ್ನು ಆರಾಧನೆಯಲ್ಲಿ ದೂರ ಕೂರಿಸುವದು ಅನ್ಯಾಯ. ಗಂಟಿನ ಮೇಲೆ ಬರೆ ಹಾಕಿಸುವದು ಬರೀ ಹಿಂಸೆ.

3. ಚಿಕಿತ್ಸೆ. ತಕ್ಕ ಔಷಧವಿಲ್ಲದ ಕಾಲದಲ್ಲಿ, 1915ರಲ್ಲಿ, ಹಲವು ಮಿಷನ್ನುಗಳು ಕೂಡಿ ಮದನಪಲ್ಲಿಯ ಬಳಿಯ ಆರೋಗ್ಯವರದಲ್ಲಿ ಆರೋಗ್ಯಧಾಮವನ್ನು ತೆರೆದವು. ಗಾಳಿ, ವಿಶ್ರಾಂತಿ, ಆಹಾರಗಳೇ ಆಗಿನ ಮುಖ್ಯ ಮದ್ದು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು, ಊರ ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಔಷಧ ದೊರೆಯುವ ಕ್ರಮವನ್ನು ರೂಪಿಸಿದರು. ಈಗ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಸರ್ಕಾರಿ ಆಸ್ಪತ್ರೆಗಳ ಮೂಲಕ ಔಷಧವು ಉಚಿತ. 2024ರ ನವೆಂಬರಿನಿಂದ ಆಹಾರಕ್ಕಾಗಿ ತಿಂಗಳಿಗೆ 1,000 ರೂಪಾಯಿ ಸಲ್ಲುತ್ತದೆ. ಗಂಟಿನಿಂದ ಸೂಜಿಯಲ್ಲಿ ಸ್ವಲ್ಪ ತೆಗೆದು ಪರೀಕ್ಷಿಸುವರು. ಗಂಡಮಾಲೆಗೆ ಸಾಮಾನ್ಯವಾಗಿ 6 ತಿಂಗಳು, ಎಲುಬು ಮಿದುಳುಗಳಿಗೆ 12 ತಿಂಗಳು ಅಥವಾ ಹೆಚ್ಚು ಔಷಧ ಬೇಕು. ನೋವು ನಿಂತಿತೆಂದು ಬಿಡಬಾರದು. ನಡುವೆ ಗಂಟು ಹಿಗ್ಗಿದರೂ ಹೆದರಿ ಬಿಡದೆ ವೈದ್ಯರಿಗೆ ತೋರಿಸಬೇಕು. ಹುಟ್ಟಿದ ಕೂಸಿಗೆ ಬಿ.ಸಿ.ಜಿ. ಚುಚ್ಚಿಸಿರಿ, ಅದು ಮಿದುಳಿನ ಕ್ಷಯವನ್ನು ಬಹುಮಟ್ಟಿಗೆ ತಡೆಯುತ್ತದೆ. ಹಾಲನ್ನು ಕಾಯಿಸಿಯೇ ಕುಡಿಯಿರಿ.

4. ಉಪದೇಶ. ಸಭಾಮಂದಿರದ ಅಧಿಕಾರಿಯು ಕೋಪಗೊಂಡಾಗ, ಅವರೆಲ್ಲರೂ ಸಬ್ಬತ್ತಿನಲ್ಲಿಯೂ ಎತ್ತನ್ನು ಬಿಚ್ಚಿ ನೀರಿಗೆ ಒಯ್ಯುವದನ್ನು ಕರ್ತನು ನೆನಪಿಗೆ ತಂದನು. ಎತ್ತು ಕುಂಟಿದರೆ ಅದೇ ದಿನ ಪಶುವೈದ್ಯರ ಬಳಿಗೆ ಓಡುವ ನಾವು, ಮದುವೆ ಕೆಟ್ಟೀತೆಂದು ಮಗಳ ಕುತ್ತಿಗೆಯ ಗಂಟನ್ನು ವರುಷವಿಡೀ ಸೆರಗಿನಲ್ಲಿ ಮರೆಮಾಡೋಣವೋ? ಪ್ರಾರ್ಥಿಸೋಣ, ಪ್ರಾರ್ಥಿಸಿ ಎದ್ದು ಆಕೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋಣ.

ಪ್ರಶ್ನೆಗಳು: (1) ಕ್ಷಯವು ಯಾವ ಯಾವ ಅಂಗಗಳನ್ನು ಹಿಡಿಯಬಲ್ಲದು? (2) ನೋವು ನಿಂತ ಮೇಲೂ ಔಷಧವನ್ನು ಬಿಡಬಾರದೇಕೆ? (3) ನಮ್ಮ ಸಭೆಯಲ್ಲಿ ಮರೆಯಾಗಿ ನರಳುವವರು ಯಾರಾದರೂ ಇರುವರೋ?