ಗ್ಯಾಸ್ ಇಲ್ಲದ ವೆಲ್ಡಿಂಗ್ ಮಶೀನ್: ಟ್ರ್ಯಾಲಿಯಲ್ಲಿ ಎಲ್ಲಿ ಹೊಡೆಯಬಹುದು, ಎಲ್ಲಿ ಕೈ ಇಡಬಾರದು

ಭತ್ತದ ಕೊಯ್ಲು ಶುರುವಾದ ಮೇಲೆ ಸಿರುಗುಪ್ಪದಲ್ಲಿ ಒಂದು ವೆಲ್ಡಿಂಗ್ ಅಂಗಡಿ ಮುಂದೆ ಟ್ರ್ಯಾಲಿ ನಿಲ್ಲಿಸಿ ನೋಡ್ರಿ. "ನಾಳೆ ಬಾ ಅಣ್ಣ" ಅಂತಾರೆ. ನಾಳೆ ಹೋದ್ರೆ ನಾಡಿದ್ದು. ಕುರುಗೋಡು ಕಡೆ ಮೆಣಸಿನಕಾಯಿ ಬಿಡಿಸೋ ಹೊತ್ತಿನಲ್ಲೂ ಇದೇ ಕಥೆ. ಅವರ ತಪ್ಪೇನಿಲ್ಲ ಬಿಡ್ರಿ, ವರ್ಷವೆಲ್ಲ ಸುಮ್ಮನಿದ್ದ ನಾವು ಒಂದೇ ವಾರದಲ್ಲಿ ಎಲ್ಲರೂ ಹೋಗಿ ನಿಂತಿರ್ತೀವಿ. ಅದಕ್ಕೇ ಈಗ ಬಹಳ ಹುಡುಗರು ಮೊಬೈಲಿನಲ್ಲಿ ವಿಡಿಯೋ ನೋಡಿ, ಸಿಲಿಂಡರ್ ಬೇಡದ ಸಣ್ಣ ವೆಲ್ಡಿಂಗ್ ಮಶೀನ್ ತರಿಸ್ತಿದ್ದಾರೆ. ನಾನೂ ತರಿಸಿದೆ. ಓದಿದ್ದು ತೋಟಗಾರಿಕೆ, ಮಾಡೋದು ಸಾವಯವ ಬೇಸಾಯ. ವೆಲ್ಡಿಂಗ್ ಕಲಿತದ್ದು ಮಾತ್ರ ಟ್ರ್ಯಾಲಿಯ ತಳ ತೂತು ಬಿದ್ದ ಮೇಲೆ.

ತೂತು ಬೀಳೋದಕ್ಕೆ ಕಾರಣ ನಾನೇ. ಹಸಿ ಸಗಣಿ ಗೊಬ್ಬರ, ಗಂಜಲದ ಡ್ರಮ್ಮು ಹೊತ್ತು ಬಂದ ಟ್ರ್ಯಾಲಿಯನ್ನು ತೊಳೆಯದೆ ಬಿಡ್ತಿದ್ದೆ. ಅದರಲ್ಲಿರೋ ಉಪ್ಪಿನಂಶ ತಗಡಿನ ಮೇಲೆ ತೇವ ಹಿಡಿದಿಟ್ಟು ತುಕ್ಕು ತಿನ್ನಿಸುತ್ತೆ. ರಾಸಾಯನಿಕ ಗೊಬ್ಬರ ಹಾಕೋರು ನಗಬೇಡ್ರಿ, ಪೊಟ್ಯಾಷ್ ಚೀಲ ಹರಿದು ಮೂಲೆಯಲ್ಲಿ ಉಳಿದರೆ ಇದಕ್ಕಿಂತ ಬೇಗ ತಿನ್ನುತ್ತೆ.

ಮೊದಲು ಮಶೀನ್ ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಳ್ಳಿ. ಇದರ ವೈರ್ ಗಟ್ಟಿ ತಂತಿಯಲ್ಲ, ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ಫ್ಲಕ್ಸ್ ಪುಡಿ ತುಂಬಿರುತ್ತಾರೆ. ಕಿಡಿಯ ಬಿಸಿಗೆ ಆ ಪುಡಿ ಉರಿದು ಹೊಗೆಯಾಗಿ, ಕರಗಿದ ಕಬ್ಬಿಣಕ್ಕೆ ಗಾಳಿ ತಾಗದಂತೆ ಕಾಯುತ್ತೆ, ಮೇಲೆ ಸ್ಲ್ಯಾಗಿನ ಪದರವೂ ಕೂರುತ್ತೆ. ರಾಡ್ ವೆಲ್ಡಿಂಗಿನಲ್ಲಿ ಹೊರಗಿರೋ ಲೇಪ ಇಲ್ಲಿ ಒಳಗಿದೆ, ಅಷ್ಟೇ. ನಮ್ಮ ಬಳ್ಳಾರಿ ಬಯಲಿನ ಗಾಳಿಗೆ ಇದು ಅನುಕೂಲ. ಸಿಲಿಂಡರ್ ಗ್ಯಾಸ್ ಆದರೆ ಹೊಲದಲ್ಲಿ ಹಾರಿಹೋಗುತ್ತೆ.

ಇಲ್ಲಿ ಹೊಸಬರು ಎರಡು ಕಡೆ ಎಡವ್ತಾರೆ. ಒಂದು, ಕಡಿಮೆ ರೇಟು ಅಂತ ಗಟ್ಟಿ ವೈರ್ ತಂದು ಹಾಕೋದು. ಗ್ಯಾಸ್ ಇಲ್ಲದೆ ಅದನ್ನು ಹೊಡೆದರೆ ಸೆಟ್ ದೋಸೆ ಮೇಲಿನ ತೂತಿನ ಥರ ಗುಳಿಗುಳಿ ಬರುತ್ತೆ, ಹಿಡಿಯಲ್ಲ. ಎರಡು, ಪ್ಲಸ್ಸು ಮೈನಸ್ಸು. ಸಿಲಿಂಡರ್ ಹಚ್ಚೋವಾಗ ಗನ್ ಪ್ಲಸ್‌ಗೆ ಇರುತ್ತೆ. ಗ್ಯಾಸ್ ಇಲ್ಲದ ವೈರಿಗೆ ಗನ್ ಮೈನಸ್‌ಗೆ, ಅರ್ಥ್ ಕ್ಲಾಂಪ್ ಪ್ಲಸ್‌ಗೆ ಬರಬೇಕು. ಎರಡೂ ಕೆಲಸ ಮಾಡೋ ಮಶೀನಾದರೆ ಪ್ಲಗ್ ಕಿತ್ತು, ವೈರ್ ರೋಲಿನ ಬಾಗಿಲು ತೆಗೆದು ನೋಡ್ರಿ, ಬದಲಿಸೋ ಗುರುತು ಅಲ್ಲೇ ಇರುತ್ತೆ, ಇಲ್ಲಾಂದ್ರೆ ಮುಂಭಾಗದಲ್ಲಿ.

ನನಗೆ ಪೆಟ್ಟು ಬಿದ್ದದ್ದು ಇದರಲ್ಲೇ. ಟ್ರ್ಯಾಲಿಯ ಹಿಂದಿನ ಬಾಗಿಲಿನ ಕೀಲು ಮುರಿದಿತ್ತು, ಉಲ್ಟಾ ಕನೆಕ್ಷನ್‌ನಲ್ಲೇ ಹೊಡೆದೆ. ಮೇಲೆ ನೋಡಿದರೆ ಉಬ್ಬಿಕೊಂಡು ಚಂದ ಕೂತಿತ್ತು, ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಿದೆ. ಮೂರನೇ ದಿನ ಗೊಬ್ಬರ ತುಂಬಿ ಹೊಲಕ್ಕೆ ಇಳಿಸೋವಾಗ ಕೀಲು ಕಳಚಿ ಬಾಗಿಲು ಬಿತ್ತು. ಹಿಂದೆ ನಿಂತಿದ್ದ ಆಳು ಒಂದು ಹೆಜ್ಜೆ ಆಚೆ ಇದ್ದ, ಅಷ್ಟೇ. ಬಿದ್ದ ಕೀಲು ತೆಗೆದು ನೋಡಿದರೆ ಕೆಳಗಿನ ಕಬ್ಬಿಣ ಕರಗಿಯೇ ಇಲ್ಲ, ಹಳೇ ಪೇಂಟಿನ ಗುರುತು ಕೂಡ ಹಾಗೇ ಇತ್ತು. ಅಂದರೆ ನಾನು ವೆಲ್ಡ್ ಮಾಡಿರಲಿಲ್ಲ, ಮೇಣ ಅಂಟಿಸಿದ್ದೆ.

ಹಾಗಾಗಿ ಮೊದಲ ಪಾಠ: ಟ್ರ್ಯಾಲಿಗೆ ಕೈ ಹಚ್ಚೋ ಮುಂಚೆ ಅದೇ ದಪ್ಪದ ಎರಡು ಚೂರು ಹಳೇ ಕಬ್ಬಿಣ ತಗೊಂಡು 'ಟಿ' ಆಕಾರಕ್ಕೆ ನಿಲ್ಲಿಸಿ, ಒಂದೇ ಕಡೆ ವೆಲ್ಡ್ ಹೊಡೀರಿ. ಆರಿದ ಮೇಲೆ ವೈಸಿಗೆ ಕಚ್ಚಿಸಿ, ವೆಲ್ಡ್ ಬಿಚ್ಚಿಕೊಳ್ಳೋ ಹಾಗೆ ಸುತ್ತಿಗೆಯಿಂದ ಬಗ್ಗಿಸ್ರಿ. ವೆಲ್ಡ್ ಸಿಪ್ಪೆ ಥರ ಎದ್ದು ಕೆಳಗೆ ನುಣುಪು ಕಬ್ಬಿಣ ಕಂಡರೆ ಕಚ್ಚಿಲ್ಲ ಅಂತ ಅರ್ಥ. ಕರೆಂಟು ಏರಿಸ್ರಿ, ಇಲ್ಲ ಕೈ ನಿಧಾನ ಮಾಡ್ರಿ. ಕಬ್ಬಿಣವೇ ಬಾಗಿ ವೆಲ್ಡ್ ಕೂತಿದ್ದರೆ ಆಗ ಟ್ರ್ಯಾಲಿ ಹತ್ರ ಹೋಗ್ರಿ. ನನ್ನದು ಸರಿ ಬರೋದಕ್ಕೆ ಒಂದು ವಾರ ಬೇಕಾಯ್ತು.

ಕೆಲಸಕ್ಕೆ ಮುಂಚೆ ಟ್ರ್ಯಾಲಿಯನ್ನು ಟ್ರ್ಯಾಕ್ಟರಿನಿಂದ ಬಿಚ್ಚಿ ದೂರ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡ್ರಿ. ಟ್ರ್ಯಾಕ್ಟರಿನ ಮಡ್‌ಗಾರ್ಡ್ ವೆಲ್ಡ್ ಮಾಡೋದಾದರೆ ಬ್ಯಾಟರಿಯ ವೈರ್ ಬಿಚ್ಚಲೇಬೇಕು, ಮೊದಲು ಮೈನಸ್. ಇಲ್ಲಾಂದ್ರೆ ಆಲ್ಟರ್ನೇಟರ್ ಸುಡಬಹುದು. ಅರ್ಥ್ ಕ್ಲಾಂಪನ್ನು ವೆಲ್ಡ್ ಮಾಡೋ ಜಾಗದ ಪಕ್ಕದಲ್ಲೇ, ತಿಕ್ಕಿ ಹೊಳೆಯೋ ಕಬ್ಬಿಣಕ್ಕೆ ಹಚ್ರಿ. ಚಕ್ರದ ಕಡೆ ಹಚ್ಚಿದರೆ ಕರೆಂಟು ಬೇರಿಂಗ್ ಮೂಲಕ ಹರಿದು ಅದನ್ನು ಹಾಳು ಮಾಡುತ್ತೆ.

ಕರೆಂಟಿನ ವಿಷಯ ಹಳ್ಳಿಯಲ್ಲಿ ಬೇರೆಯೇ. ವೋಲ್ಟೇಜ್ ಕಮ್ಮಿ ಇದ್ದಾಗ ಕಿಡಿ ತಡವರಿಸುತ್ತೆ, ವೆಲ್ಡ್ ಕಚ್ಚಲ್ಲ, ನೀವು ನಿಮ್ಮ ಕೈಯನ್ನೇ ಬೈಕೊಳ್ತೀರಿ. ಪಂಪ್‌ಸೆಟ್ಟುಗಳು ಓಡ್ತಿರೋ ಹೊತ್ತು ಬಿಟ್ಟು ನೋಡ್ರಿ. ಫ್ಯಾನಿನ ವೈರಿನಲ್ಲಿ ಇದನ್ನು ಓಡಿಸಬೇಡ್ರಿ. 15-16 ಆಂಪಿನ ಪ್ಲಗ್, ಅರ್ಥಿಂಗ್ ಇರೋ ಮೂರೆಳೆಯ 2.5 ಚದರ ಮಿ.ಮೀ. ತಾಮ್ರದ ವೈರ್ ಬೇಕು. ಸುತ್ತಿಟ್ಟ ವೈರನ್ನು ಪೂರ್ತಿ ಬಿಚ್ಚಿಡ್ರಿ, ಸುರುಳಿಯಲ್ಲೇ ಇದ್ದರೆ ಕಾಯುತ್ತೆ.

ಈಗ ತಳದ ತಗಡು. ಸುತ್ತಿಗೆಯಿಂದ ಬಡಿದು ನೋಡ್ರಿ. "ಠಣ್" ಅಂದರೆ ಗಟ್ಟಿ, "ಥಪ್" ಅಂದರೆ ಒಳಗೆ ತಿಂದಿದೆ. ಗಟ್ಟಿ ಕಬ್ಬಿಣ ಸಿಗೋವರೆಗೂ ಗ್ರೈಂಡರಿನಲ್ಲಿ ಕತ್ತರಿಸಿ ತೆಗೀರಿ. ಜೀವ ಚುರ್ ಅನ್ನುತ್ತೆ, ಅಂಗೈಯಗಲದ ತೂತು ತಟ್ಟೆಯಗಲ ಆಗುತ್ತೆ. ಆದರೂ ತುಕ್ಕಿಗೆ ವೆಲ್ಡ್ ಹೊಡೆದರೆ ಸುಟ್ಟು ಇನ್ನೂ ದೊಡ್ಡದಾಗುತ್ತೆ. ತೇಪೆಯ ತಗಡಿನ ಮೂಲೆಗಳನ್ನು ದುಂಡಗೆ ಮಾಡ್ರಿ, ಚೂಪು ಮೂಲೆಯಿಂದಲೇ ಬಿರುಕು ಶುರುವಾಗೋದು. ಸುತ್ತ ಒಂದು ಇಂಚು ಪೇಂಟ್ ಕೆರೆದು ಹೊಳಪು ಬರಿಸ್ರಿ.

2-3 ಮಿ.ಮೀ. ತಗಡಿಗೆ 0.8 ಮಿ.ಮೀ. ವೈರ್ ಸಾಕು. ವೈರ್ ಗನ್ನಿನ ತುದಿಯಿಂದ 12-15 ಮಿ.ಮೀ. ಹೊರಗಿರಲಿ. ಗನ್ನನ್ನು ತಳ್ಳಬೇಡ್ರಿ, ನಿಮ್ಮ ಕಡೆ ಎಳೀರಿ. ಸ್ಲ್ಯಾಗ್ ಬರೋ ವೆಲ್ಡಿಂಗಿಗೆಲ್ಲ ಎಳೆಯೋದೇ ಸರಿ, ತಳ್ಳಿದರೆ ಅದು ಒಳಗೆ ಸಿಕ್ಕಿಕೊಳ್ಳುತ್ತೆ. ಮೊದಲು ನಾಲ್ಕೂ ಕಡೆ ಟಾಕಿ ಹಾಕಿ, ಆಮೇಲೆ ಎರಡು ಬೆರಳು ಉದ್ದ ಇಲ್ಲಿ, ಎರಡು ಬೆರಳು ಎದುರು ಬದಿ, ಹೀಗೆ ಹೊಡೀರಿ. ಒಂದೇ ಸಮ ಎಳೆದರೆ ತಗಡು ಹಪ್ಪಳದ ಥರ ಏಳುತ್ತೆ. ಪ್ರತಿ ಸಲ ಸ್ಲ್ಯಾಗ್ ಕುಟ್ಟಿ, ವೈರ್ ಬ್ರಷ್ ಹಾಕಿ. ವೈರಿನ ಡಬ್ಬಿ ಮೇಲೆ ಇ71ಟಿ-ಜಿಎಸ್ ಅಂತಿದ್ದರೆ ಅದು ಒಂದೇ ಪದರಕ್ಕೆ ಮಾಡಿದ್ದು, ಅದರ ಮೇಲೆ ಇನ್ನೊಂದು ಪದರ ಕೂರಿಸಬೇಡ್ರಿ. ಕೆಲಸ ಮುಗಿದ ದಿನವೇ ಪ್ರೈಮರ್ ಬಳೀರಿ, ಕೆಳಗಡೆಯೂ ಸಹ.

ಇನ್ನು ಕೈ ಇಡಬಾರದ ಜಾಗ. ಟ್ರ್ಯಾಲಿಯನ್ನು ಟ್ರ್ಯಾಕ್ಟರಿಗೆ ಜೋಡಿಸೋ ಮುಂದಿನ ಕೊಂಡಿ, ಅದನ್ನು ಹಿಡಿದಿರೋ ತ್ರಿಕೋನದ ಚಾನೆಲ್, ಆಕ್ಸಲ್, ಪಾಟಾ, ಸ್ಟೀರಿಂಗಿನ ರಾಡು, ಬ್ರೇಕಿನ ಭಾಗ. ಪಾಟಾ ಹದ ಮಾಡಿದ ಉಕ್ಕು, ವೆಲ್ಡಿನ ಬಿಸಿಗೆ ಹದ ಕೆಟ್ಟು ಪಕ್ಕದಲ್ಲೇ ಮುರಿಯುತ್ತೆ. ಕೊಂಡಿ ಗುಂಡಿ ರಸ್ತೆಯಲ್ಲಿ ದಿನಕ್ಕೆ ಸಾವಿರ ಸಲ ಜಗ್ಗಾಡುತ್ತೆ. ನಮ್ಮ ಸಣ್ಣ ಮಶೀನು ದಪ್ಪ ಚಾನೆಲಿಗೆ ಮೇಲ್ಮೇಲೆ ಕಚ್ಚುತ್ತೆ, ಒಳಗೆ ಇಳಿಯಲ್ಲ. ತೆಕ್ಕಲಕೋಟೆ ರಸ್ತೆಯಲ್ಲಿ ಭತ್ತದ ಚೀಲದ ಮೇಲೆ ನಾಟಿಯವರು, ಮಕ್ಕಳು ಕೂತು ಹೋಗೋದನ್ನು ದಿನಾ ನೋಡ್ತೀರಿ. ಹಾಗೆ ಕೂರಿಸಲೇಬಾರದು, ಆದರೆ ಕೂರ್ತಾರೆ. ಕೊಂಡಿ ಕಳಚಿದರೆ ಬ್ರೇಕಿಲ್ಲದ ಆ ಟ್ರ್ಯಾಲಿ ಹಿಂದೆ ಬರೋ ಬೈಕಿನ ಮೇಲೂ ಹೋಗಬಹುದು. ಪೇಂಟಿನಲ್ಲಿ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಅದು ಬಿರುಕು. ಲೋಡ್ ನಿಲ್ಲಿಸಿ, ಅನುಭವ ಇರೋ ಫ್ಯಾಬ್ರಿಕೇಶನ್ ಅಂಗಡಿಗೆ ಒಯ್ದು ಭಾಗವನ್ನೇ ಬದಲಿಸ್ರಿ. ಎರಡು ದಿನ ಕಾದರೆ ಕಾಯ್ರಿ. ಪಕ್ಕದ ಹೊಲದ ಕಾಕಾ ನನ್ನ ಹತ್ರ ಕೊಂಡಿ ತಂದಾಗ "ಒಂದು ಟಾಕಿ ಹಾಕಪ್ಪಾ" ಅಂದ್ರು. ಇಲ್ಲ ಅಂದೆ. ಒಂದು ತಿಂಗಳು ಮಾತಾಡಿಸಲಿಲ್ಲ.

ಟೈರ್ ಇರೋ ರಿಮ್ಮಿಗೂ ಬೇಡ. ಗಾಳಿ ಬಿಟ್ಟಿದ್ದರೂ ಬಿಸಿಗೆ ಒಳಗಿನ ರಬ್ಬರ್ ಗ್ಯಾಸಾಗಿ ಟೈರ್ ಸಿಡಿಯುತ್ತೆ. ಡೀಸೆಲ್ ಟ್ಯಾಂಕು, ಖಾಲಿ ಔಷಧಿ ಡ್ರಮ್ಮು ಕೂಡ ಹಾಗೇ, ತೊಳೆದ ಮಾತ್ರಕ್ಕೆ ಖಾಲಿ ಅಂದ್ಕೋಬೇಡ್ರಿ.

ಜಿಐ ಪೈಪು, ಬಿಳಿ ತಗಡು ವೆಲ್ಡ್ ಮಾಡಿದ ಸಂಜೆ ಚಳಿಜ್ವರ, ಬಾಯಲ್ಲಿ ಲೋಹದ ರುಚಿ ಬಂದರೆ ಅದು ಸತುವಿನ ಹೊಗೆಯ ಕಾಟ. ಬೆಲ್ಲ, ಬಾಳೆಹಣ್ಣು ತಿಂದರೆ ಸರಿ ಅಂತಾರೆ, ಅದು ಹೊಗೆಯನ್ನೇನೂ ತಡೆಯಲ್ಲ. ಸತುವಿನ ಲೇಪ ಉಜ್ಜಿ ತೆಗೀರಿ, ಬಯಲಲ್ಲಿ ಗಾಳಿಗೆ ಬೆನ್ನು ಕೊಟ್ಟು ಓರೆಯಾಗಿ ನಿಲ್ರಿ, ಹೊಗೆ ಮುಖಕ್ಕೆ ಬರಬಾರದು. ಕಪ್ಪು ಕೂಲಿಂಗ್ ಗ್ಲಾಸು ಸಾಲದು, 10-11 ನಂಬರಿನ ಗಾಜಿರೋ ಹೆಲ್ಮೆಟ್ಟೇ ಬೇಕು. ನೋಡ್ತಾ ನಿಂತ ಮಕ್ಕಳನ್ನು ಕಳಿಸ್ರಿ, ರಾತ್ರಿ ಅವರ ಕಣ್ಣಿಗೂ ಉಸುಕು ಬಿದ್ದಂಗ ಆಗುತ್ತೆ. ಹತ್ತಿ ಬಟ್ಟೆ ಹಾಕ್ರಿ, ಪಾಲಿಸ್ಟರ್ ಮೈಗೆ ಅಂಟಿ ಸುಡುತ್ತೆ. ಹತ್ತಿರ ಹುಲ್ಲಿನ ಬಣವೆ, ಬಿಡಿಸಿಟ್ಟ ಹತ್ತಿ ಇರಬಾರದು. ಒಂದು ಬಕೆಟ್ ನೀರು, ಒದ್ದೆ ಗೋಣಿಚೀಲ ಪಕ್ಕದಲ್ಲಿರಲಿ. ನೀರು ಹುಲ್ಲಿಗೆ, ಪ್ಲಗ್ ಹಾಕಿರೋ ಮಶೀನಿಗಲ್ಲ. ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇದ್ದು ಚಹಾ ಕುಡೀರಿ, ಕಿಡಿ ಹೊಟ್ಟಿನೊಳಗೆ ಮೆಲ್ಲಗೆ ಹತ್ತುತ್ತೆ.

ಮಳೆಗಾಲದಲ್ಲಿ ವೈರ್ ರೋಲನ್ನು ಮಶೀನಿನಲ್ಲೇ ಬಿಡಬೇಡ್ರಿ. ತೇವ ಹಿಡಿದರೆ ಮುಂದಿನ ಸುಗ್ಗಿಗೆ ಮತ್ತೆ ಗುಳಿಗುಳಿ ಬರುತ್ತೆ. ಬಿಚ್ಚಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಔಷಧಿ ಬಾಟಲಿಯಲ್ಲಿ ಬರೋ ಸಿಲಿಕಾ ಪುಡಿಕೆ ನಾಲ್ಕು ಹಾಕಿಡ್ರಿ.