ಗಿರಾಕಿಯ ದೂರಿನಿಂದ ಕಲಿಯುವ ಬಗೆ: ಒಂದು ಮುಕ್ತ ತಂತ್ರಾಂಶದ ಪಾಠ

ಇಳಕಲ್ಲ, ಗುಳೇದಗುಡ್ಡ, ಬಾದಾಮಿ ಹಾಗೂ ಹುನಗುಂದ ಭಾಗದ ವ್ಯಾಪಾರಸ್ಥರಿಗೆ ಗಿರಾಕಿಯ ದೂರು ಹೊಸತೇನಲ್ಲ. ಬಣ್ಣ ಬಿಟ್ಟ ಸೀರೆಯನ್ನು ಮರಳಿ ತಂದವರಿಗೆ ಬೇರೊಂದನ್ನು ಕೊಟ್ಟು ಕಳುಹಿಸುವುದು ವಾಡಿಕೆ. ಅಲ್ಲಿಗೆ ಅಂಗಡಿಯ ಮಟ್ಟಿಗೆ ವ್ಯವಹಾರ ಮುಗಿಯುತ್ತದೆ. ಆದರೆ ಆ ದೂರು ಬಣ್ಣಗಾರನನ್ನು, ಮಗ್ಗದ ಮುಂದೆ ಕುಳಿತವನನ್ನು ತಲುಪುವುದು ಅಪರೂಪ. ತಲುಪದಿದ್ದರೆ ಅದೇ ದೋಷ ಮುಂದಿನ ಹಾಸಿನಲ್ಲಿಯೂ ಉಳಿಯುತ್ತದೆ. ಈ ವಿಷಯದಲ್ಲಿ ನಮ್ಮ ಉದ್ಯಮಕ್ಕೆ ತೀರ ದೂರವೆಂದು ತೋರುವ ಒಂದು ಕ್ಷೇತ್ರದಿಂದ ಪಾಠ ದೊರೆಯುತ್ತದೆ.

ಮ್ಯಾನಿಮ್ ಎಂಬ ಉಪಕರಣ

ಅಮೆರಿಕದ ಗ್ರಾಂಟ್ ಸ್ಯಾಂಡರ್ಸನ್ ಅವರು 2015ರಲ್ಲಿ ಗಣಿತ ಪಾಠಗಳ ಯೂಟ್ಯೂಬ್ ವಾಹಿನಿಯೊಂದನ್ನು ಆರಂಭಿಸಿದರು. ಅದಕ್ಕೆ ಬೇಕಾದ ಚಲಿಸುವ ಚಿತ್ರಗಳಿಗಾಗಿ ಪೈಥಾನ್ ಭಾಷೆಯಲ್ಲಿ ಮ್ಯಾನಿಮ್ ಎಂಬ ಲೈಬ್ರರಿಯನ್ನು ತಾವೇ ರಚಿಸಿಕೊಂಡರು. ಇಲ್ಲಿ ಚಿತ್ರವನ್ನು ಕೈಯಿಂದ ಬಿಡಿಸಬೇಕಾಗಿಲ್ಲ. ಒಂದು ವೃತ್ತ ಮೂಡಲಿ, ಅದು ಚೌಕವಾಗಲಿ ಎಂದು ಕೆಲವು ಸಾಲುಗಳ ಆಜ್ಞೆ ಬರೆದರೆ ಗಣಕಯಂತ್ರವೇ ಆನಿಮೇಶನ್ ಸಿದ್ಧಪಡಿಸುತ್ತದೆ. ಇದು ಮುಕ್ತ ತಂತ್ರಾಂಶ. ಎಂಐಟಿ ಪರವಾನಗಿಯಂತೆ ಯಾರು ಬೇಕಾದರೂ ಇದನ್ನು ಬಳಸಬಹುದು, ತಿದ್ದಬಹುದು, ವ್ಯಾಪಾರಕ್ಕೂ ಉಪಯೋಗಿಸಬಹುದು.

ತನ್ನ ಕೈಗೆ ಹೊಂದುವಂತೆ ಮಗ್ಗ ಕಟ್ಟಿಕೊಂಡ ನೇಕಾರನಿಗೆ ಅದರ ಪ್ರತಿಯೊಂದು ಗಂಟೂ ಗೊತ್ತಿರುತ್ತದೆ. ಆದರೆ ಮತ್ತೊಬ್ಬನು ಅದರಲ್ಲಿ ಕುಳಿತರೆ ತಡಕಾಡುತ್ತಾನೆ. ಮ್ಯಾನಿಮ್ ಕಥೆಯೂ ಹಾಗೆಯೇ ಆಯಿತು. ಬಳಕೆಯ ವಿವರಣೆ ಕಡಿಮೆಯಿತ್ತು. ರಚಿಸಿದವರು ತಮ್ಮ ಅಗತ್ಯಕ್ಕೆ ಅದನ್ನು ಬದಲಿಸಿದಾಗ ಇತರರು ಬರೆದಿಟ್ಟಿದ್ದ ಆಜ್ಞೆಗಳು ನಡೆಯದಾಗುತ್ತಿದ್ದವು. ಆಗ ಬಳಕೆದಾರರೇ ಒಂದುಗೂಡಿ 2020ರಲ್ಲಿ ಕಮ್ಯುನಿಟಿ ಎಡಿಷನ್ ಎಂಬ ಪ್ರತ್ಯೇಕ ಆವೃತ್ತಿಯನ್ನು ಕೈಗೆತ್ತಿಕೊಂಡರು. ಸ್ಯಾಂಡರ್ಸನ್ ಅವರು ತಮ್ಮ ಆವೃತ್ತಿಯನ್ನು ತಮ್ಮ ಕೆಲಸಕ್ಕೆ ಉಳಿಸಿಕೊಂಡರು. ಆರಂಭಿಸುವವರಿಗೆ ಸಮುದಾಯದ ಆವೃತ್ತಿ ಹೆಚ್ಚು ಅನುಕೂಲವೆಂದು ಅದರ ಪರಿಚಯ ಪತ್ರದಲ್ಲಿಯೇ ತಿಳಿಸಿದರು. ಈ ಸಮುದಾಯವು ದೂರುಗಳನ್ನು ನಿರ್ವಹಿಸಿದ ರೀತಿಯಲ್ಲಿ ನಾವು ಗಮನಿಸತಕ್ಕ ಅಂಶಗಳಿವೆ.

1. ದೂರಿಗೊಂದು ನಮೂನೆ

ಕೆಲಸ ಮಾಡುತ್ತಿಲ್ಲ ಎಂಬ ಒಂದು ಸಾಲಿನಿಂದ ಯಾರೂ ಏನನ್ನೂ ದುರಸ್ತಿ ಮಾಡಲಾರರು. ಆದ್ದರಿಂದ ಅಲ್ಲಿ ದೂರು ಕೊಡುವವನ ಮುಂದೆ ನಿಗದಿತ ನಮೂನೆ ಇಡಲಾಗುತ್ತದೆ: ಏನು ಆಗಬೇಕಿತ್ತು, ಏನಾಯಿತು, ಬರೆದ ಆಜ್ಞೆ ಯಾವುದು, ಯಾವ ಆವೃತ್ತಿ, ಯಾವ ಗಣಕಯಂತ್ರ. ಬೇರೊಬ್ಬನು ತನ್ನಲ್ಲಿ ಅದೇ ದೋಷವನ್ನು ಮತ್ತೆ ಕಾಣುವಂತಿರಬೇಕು ಎಂಬುದು ಉದ್ದೇಶ. ನಮ್ಮಲ್ಲಿಯೂ ಸೀರೆ ಕೆಟ್ಟಿತು ಎಂದು ಬರೆದುಕೊಂಡರೆ ಸಾಲದು. ಯಾವ ಹಾಸಿನದು, ಯಾವ ಲಾಟಿನ ಬಣ್ಣ, ಎಷ್ಟನೆಯ ಒಗೆತ, ಬಿಸಿನೀರೋ ತಣ್ಣೀರೋ, ದೋಷ ಒಡಲಿನಲ್ಲೋ ಸೆರಗಿನಲ್ಲೋ ಅಥವಾ ಎರಡೂ ಕೂಡುವ ಕೊಂಡಿಯಲ್ಲೋ ಎಂದು ಕೇಳಿ ಬರೆಯಬೇಕು.

2. ಒಂದೇ ಪ್ರಶ್ನೆ ಪದೇ ಪದೇ ಬಂದರೆ

ಮ್ಯಾನಿಮ್ ಎಂಬ ಹೆಸರಿನಲ್ಲಿ ಎರಡು ಆವೃತ್ತಿಗಳಿರುವುದರಿಂದ ಒಂದರ ಸೂಚನೆಯನ್ನು ಮತ್ತೊಂದಕ್ಕೆ ಅನ್ವಯಿಸಿದರೆ ತೊಂದರೆಯಾಗುತ್ತದೆ. ಇದನ್ನು ಬಳಕೆದಾರನ ಅಜ್ಞಾನವೆಂದು ತಳ್ಳಿಹಾಕದೆ, ಎರಡರ ಭೇದವನ್ನು ಪರಿಚಯ ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಯಲಾಯಿತು. ಇಳಕಲ್ಲ ಸೀರೆಗೆ ಭೌಗೋಳಿಕ ಗುರುತಿನ ನೋಂದಣಿ ಇದ್ದರೂ ಕೈಮಗ್ಗದ್ದು ಯಾವುದು, ವಿದ್ಯುತ್ ಮಗ್ಗದ್ದು ಯಾವುದು ಎಂದು ಗಿರಾಕಿ ಕೇಳಿದರೆ ನಮ್ಮ ಚೀಟಿಯಲ್ಲಿ ಅಷ್ಟರಮಟ್ಟಿಗೆ ವಿವರದ ಕೊರತೆಯಿದೆ ಎಂದೇ ತಿಳಿಯಬೇಕು. ನೂಲು, ಮಗ್ಗ, ಉದ್ದ, ಒಗೆಯುವ ಕ್ರಮ ಇಷ್ಟನ್ನು ಚೀಟಿಯಲ್ಲಿ ಅಚ್ಚು ಹಾಕಿಸುವುದು ದೊಡ್ಡ ವೆಚ್ಚವಲ್ಲ.

3. ಬದಲಾವಣೆಯ ಮುನ್ಸೂಚನೆ

ಸಮುದಾಯದ ಆವೃತ್ತಿಯಲ್ಲಿ ಶೋಕ್ರಿಯೇಷನ್ ಎಂಬ ಆಜ್ಞೆಯ ಹೆಸರು ಕ್ರಿಯೇಟ್ ಎಂದಾಯಿತು. ಇಂತಹ ಬದಲಾವಣೆಗೆ ಅಲ್ಲಿ ಒಂದು ಕ್ರಮವಿದೆ. ಹಳೆಯ ಹೆಸರು ಕೆಲಕಾಲ ನಡೆಯುತ್ತದೆ; ಬಳಸಿದವರಿಗೆ ಹೊಸ ಹೆಸರಿನ ಎಚ್ಚರಿಕೆ ಕಾಣಿಸುತ್ತದೆ; ಆಮೇಲೆ ಅದನ್ನು ತೆಗೆಯಲಾಗುತ್ತದೆ. ನೂಲಿನ ನಂಬರನ್ನಾಗಲಿ, ಸರಕಿನ ಸಂಕೇತವನ್ನಾಗಲಿ ಬದಲಿಸುವಾಗ ಸಗಟು ಗಿರಾಕಿಗೆ ಎರಡು ಪೂರೈಕೆಗಳ ಮೊದಲೇ ತಿಳಿಸುವವರು ನಮ್ಮಲ್ಲಿ ಎಷ್ಟು ಮಂದಿ?

4. ತಯಾರಕನ ಕಣ್ಣಿಗೆ ಬೀಳದ ದೋಷ

ಇಂಗ್ಲಿಷ್ ಅಕ್ಷರಗಳು ಒಂದರ ಪಕ್ಕದಲ್ಲೊಂದು ನಿಲ್ಲುತ್ತವೆ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಣಿತಾಕ್ಷರ ರೂಪ ಬದಲಿಸುತ್ತದೆ. ಇಳಕಲ್ಲ ಎಂದು ಬರೆಯಿಸಿದಾಗ ಕೊನೆಯ ಎರಡು ಲಕಾರಗಳು ಕೂಡಿಕೊಳ್ಳದೆ ಬೇರೆಬೇರೆಯಾಗಿ ನಿಂತರೆ ಊರಿನ ಹೆಸರೇ ಕೆಡುತ್ತದೆ. ಮ್ಯಾನಿಮ್‌ನ ಮೊದಲಿನ ಬರಹ ವ್ಯವಸ್ಥೆಗೆ ಇಂತಹ ಲಿಪಿಗಳ ಜೋಡಣೆ ಒಗ್ಗುತ್ತಿರಲಿಲ್ಲ. ಮುಂದೆ ಸಮುದಾಯದ ಆವೃತ್ತಿಯು ಹಲವು ಲಿಪಿಗಳನ್ನು ಜೋಡಿಸಬಲ್ಲ ಪ್ಯಾಂಗೋ ಎಂಬ ಮತ್ತೊಂದು ಮುಕ್ತ ಲೈಬ್ರರಿಯನ್ನು ಅಳವಡಿಸಿಕೊಂಡಿತು. ಇಂಗ್ಲಿಷಿನಲ್ಲಿಯೇ ಕೆಲಸ ಮಾಡುವವನ ಮೇಜಿನ ಮೇಲೆ ಈ ದೋಷ ಎಂದಿಗೂ ಕಾಣಿಸದು. ಬೇರೆ ಲಿಪಿಯವನು ಹೇಳಿದಾಗಲೇ ಅದು ಗೊತ್ತಾಗತಕ್ಕದ್ದು. ನಮ್ಮ ಸೀರೆಯನ್ನು ಮಹಾರಾಷ್ಟ್ರದಲ್ಲಿ ಉಡುವವರು ಬಹಳ. ಅಲ್ಲಿಯ ನೀರಿನಲ್ಲಿ, ಅಲ್ಲಿಯ ಉಡುವ ಕ್ರಮದಲ್ಲಿ ಸೀರೆ ಹೇಗೆ ಬಾಳುತ್ತದೆ ಎಂಬುದು ಇಳಕಲ್ಲಿನಲ್ಲಿ ಕುಳಿತವರಿಗೆ ತಾನಾಗಿ ತಿಳಿಯುವುದಿಲ್ಲ. ದೂರದ ಗಿರಾಕಿಯನ್ನು ನಾವೇ ಕೇಳಬೇಕು.

5. ಒಪ್ಪಲಾಗದ ಬೇಡಿಕೆ

ಬಂದ ಸಲಹೆಗಳನ್ನೆಲ್ಲ ಒಪ್ಪಬೇಕೆಂದಿಲ್ಲ. ಸ್ಯಾಂಡರ್ಸನ್ ಅವರೂ ಪ್ರತಿಯೊಂದು ಬೇಡಿಕೆಗೆ ತಮ್ಮ ಉಪಕರಣವನ್ನು ಬಗ್ಗಿಸಲಿಲ್ಲ. ಕೊಂಡಿ ಹಾಕದೆ ಅಗ್ಗವಾಗಿ ಕೊಡಿ ಎಂದು ಗಿರಾಕಿ ಕೇಳಬಹುದು. ಕೊಂಡಿಯನ್ನು ಬಿಟ್ಟರೆ ಆ ಸೀರೆಯ ಗುಣವೇ ಹೋಗುತ್ತದೆ ಎಂದು ಕಾರಣ ಸಹಿತ ಹೇಳಿದರೆ ಗಿರಾಕಿಗೂ ಸರಕಿನ ಬೆಲೆ ತಿಳಿಯುತ್ತದೆ.

ಆಚರಣೆಗೆ

ಇದಕ್ಕೆ ಗಣಕಯಂತ್ರವೇ ಬೇಕೆಂದಿಲ್ಲ. ಒಂದು ದಪ್ಪ ಪುಸ್ತಕದಲ್ಲಿ ತಾರೀಖು, ಸರಕು, ದೂರು, ಕಾರಣ, ಕೈಗೊಂಡ ಕ್ರಮ ಎಂದು ಐದು ಅಂಕಣಗಳನ್ನು ಎಳೆದರಾಯಿತು. ತಿಂಗಳಿಗೊಮ್ಮೆ ನೇಕಾರ, ಬಣ್ಣಗಾರ ಹಾಗೂ ಅಂಗಡಿಯ ಗುಮಾಸ್ತ ಒಟ್ಟಿಗೆ ಕುಳಿತು ಅದನ್ನು ಓದಬೇಕು. ಕೊನೆಯ ಅಂಕಣ ಖಾಲಿ ಉಳಿದ ಸಾಲುಗಳನ್ನು ಮುಂದಿನ ತಿಂಗಳಿಗೆ ಒಯ್ಯಬೇಕು. ಬೆಲೆಯಲ್ಲಿ ವಿದ್ಯುತ್ ಮಗ್ಗದೊಡನೆ ಸ್ಪರ್ಧಿಸುವುದು ಕೈಮಗ್ಗಕ್ಕೆ ಕಷ್ಟ. ಉಡುವವರ ಮಾತನ್ನು ನೆಯ್ಯುವವರಿಗೆ ಬೇಗ ಮುಟ್ಟಿಸುವುದು ಮಾತ್ರ ನಮ್ಮ ಕೈಯಲ್ಲಿಯೇ ಇದೆ. ಸದಸ್ಯ ಬಾಂಧವರು ಈ ತಿಂಗಳಿನಿಂದಲೇ ಪುಸ್ತಕವನ್ನು ಆರಂಭಿಸಬಹುದು.